ಎಲೆಕ್ಟ್ರಿಕ್ ಬ್ಲೂಸ್: ಒಂದು ತಂಡ ಹಿಡಿದು ಊರೆಲ್ಲ ಸುತ್ತುವ ದಾರಿ

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಅನ್ನು ನಾನು ಕೇಳಲು ಶುರು ಮಾಡಿದ್ದೇ ತಪ್ಪು ದಾರಿಯಲ್ಲಿ. ನೂರು ಶ್ರೇಷ್ಠ ಬ್ಲೂಸ್ ಹಾಡುಗಳು ಅಂತ ಯಾರೋ ಜೋಡಿಸಿಟ್ಟ ಪಟ್ಟಿಯನ್ನು ಫೋನಿನಲ್ಲಿ ಹಾಕಿದೆ. ಫೋನನ್ನು ಸಿಂಕ್ ಪಕ್ಕ ಇಟ್ಟು, ಪಾತ್ರೆ ತೊಳೆಯುತ್ತಾ ಕೇಳಿದೆ. ಹತ್ತು ಹಾಡು ಆಗುವಷ್ಟರಲ್ಲಿ ಎಲ್ಲವೂ ಒಂದೇ ಥರ ಅನ್ನಿಸಿತು. ಯಾರೋ ಹೆಂಡತಿ ಬಿಟ್ಟು ಹೋದಳು ಅಂತ ಗೋಳಾಡುತ್ತಾರೆ, ನಡುವೆ ಗಿಟಾರ್ ಕುಯ್ಯೋ ಅನ್ನುತ್ತದೆ, ಮತ್ತೆ ಗೋಳು. ಆಮೇಲೆ ಎರಡು ವರ್ಷ ಅದರ ತಂಟೆಗೆ ಹೋಗಲಿಲ್ಲ.

ಮತ್ತೆ ಎಳೆದು ತಂದವನು ಒಬ್ಬ ಗೆಳೆಯ. ಬಸ್ಸಿನಲ್ಲಿ ಪಕ್ಕ ಕೂತಿದ್ದವನು ತನ್ನ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಸಿಕ್ಕಿಸಿ, "ಹಾಡೋನನ್ನ ಬಿಡು. ಹಿಂದೆ ಮೌತ್ ಆರ್ಗನ್ ಊದ್ತಾನಲ್ಲ, ಅವನ ಹಿಂದೆ ಹೋಗು" ಅಂದ. ಹೋದೆ. ಇನ್ನೂ ವಾಪಸ್ ಬಂದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ನೂರು ಕಲಾವಿದರ ಪಟ್ಟಿ ಬೇಡ. ಒಂದು ತಂಡ ಹಿಡಿಯಿರಿ. ಅದರಲ್ಲಿ ಹಿಂದೆ ನಿಂತು ನುಡಿಸಿದವರ ಹೆಸರು ಬರೆದಿಟ್ಟುಕೊಂಡು ಅವರ ಬೆನ್ನು ಹತ್ತಿ. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಫೋನಿನ ಸ್ಪೀಕರ್ ಬಿಡಿ

ಈ ಹಾಡುಗಳ ಅರ್ಧ ಜೀವ ಬೇಸ್ (ತಗ್ಗು ಸ್ವರದ ತಂತಿವಾದ್ಯ) ಮತ್ತು ಡ್ರಮ್ಸ್‌ನಲ್ಲಿದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಆ ಅರ್ಧ ಕೇಳಿಸುವುದೇ ಇಲ್ಲ. ಉಳಿಯುವುದು ಗೋಳು ಮತ್ತು ಕುಯ್ಯೋ. ದುಬಾರಿ ಸಾಮಾನು ಏನೂ ಬೇಡ, ಕಿವಿಗೆ ಸರಿಯಾಗಿ ಕೂರುವ ಮಾಮೂಲಿ ಹೆಡ್‌ಫೋನ್ ಸಾಕು. 1950ರ ದಶಕದ ಧ್ವನಿಮುದ್ರಣ ಸ್ವಲ್ಪ ಒರಟಾಗಿರುತ್ತದೆ. ಎರಡು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಎರಡನೆಯದು: ಕರೆಂಟು ಯಾಕೆ ಬೇಕಾಯ್ತು ಅಂತ ತಿಳಿದುಕೊಳ್ಳಿ

ಮಿಸಿಸಿಪ್ಪಿಯ ಹತ್ತಿ ತೋಟವೊಂದರಲ್ಲಿ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಅಂತ ಒಬ್ಬರು ಕೆಲಸ ಮಾಡುತ್ತಿದ್ದರು. ಊರಿನ ಹೆಸರು ಕ್ಲಾರ್ಕ್ಸ್‌ಡೇಲ್, ತೋಟದ ಹೆಸರು ಸ್ಟೋವಾಲ್. 1941ರಲ್ಲಿ ಜಾನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಆಲನ್ ಲೋಮ್ಯಾಕ್ಸ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅಲ್ಲಿಗೆ ಬಂದು ಇವರ ಹಾಡು ಮುದ್ರಿಸಿಕೊಂಡು ಹೋದರು. ಆಗ ಕೈಯಲ್ಲಿದ್ದದ್ದು ಸಾದಾ ಮರದ ಗಿಟಾರ್. ತನ್ನ ದನಿಯನ್ನು ತಾನೇ ಕೇಳಿದ ಮೇಲೆ ಇವರಿಗೆ ತೋಟದಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. 1943ರಲ್ಲಿ ಚಿಕಾಗೋ ರೈಲು ಹತ್ತಿದರು.

ಅವರೊಬ್ಬರೇ ಅಲ್ಲ. ದಕ್ಷಿಣದ ರಾಜ್ಯಗಳ ಕಪ್ಪು ಜನ ಲಕ್ಷಗಟ್ಟಲೆ ಹಾಗೆ ಉತ್ತರಕ್ಕೆ ಹೋದರು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಜನ. ಊರಲ್ಲಿ ಜೀತದಂಥ ಬಾಳು, ಮೇಲೆ ಬಿಳಿಯರ ಹಿಂಸೆ. ಚಿಕಾಗೋದಲ್ಲಿ ಕಾರ್ಖಾನೆ ಕೆಲಸ ಇತ್ತು, ಶನಿವಾರ ರಾತ್ರಿ ಬಾರುಗಳು ತುಂಬಿರುತ್ತಿದ್ದವು. ಆದರೆ ಆ ಬಾರಿನ ಗದ್ದಲದಲ್ಲಿ ಮರದ ಗಿಟಾರ್ ಯಾರಿಗೆ ಕೇಳಿಸಬೇಕು? 1944ರಲ್ಲಿ ಅವರಿಗೆ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿತು, ಚಿಕ್ಕಪ್ಪ ಕೊಡಿಸಿದ್ದು. ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಂತೂ ನುಡಿಸುವವರು ಪಕ್ಕದ ಮನೆಯಿಂದ ವೈರ್ ಎಳೆದುಕೊಂಡು ಆಂಪ್ಲಿಫಯರ್ ಹಚ್ಚುತ್ತಿದ್ದರು. ಎಲೆಕ್ಟ್ರಿಕ್ ಬ್ಲೂಸ್ ಹುಟ್ಟಿದ್ದು ಹೀಗೆ, ಗಲಾಟೆಯ ಮೇಲೆ ಕೇಳಿಸಲಿ ಅಂತ.

ಈ ಮಾರ್ಗನ್‌ಫೀಲ್ಡೇ ಮಡಿ ವಾಟರ್ಸ್. ಕನ್ನಡದಲ್ಲಿ ಬರೆದಾಗ ನನಗೆ ಪ್ರತಿ ಸಲ ನಗು ಬರುತ್ತದೆ. ನಮ್ಮ ಮಡಿಗೂ ಆ ಮಡಿಗೂ ಪೂರ್ತಿ ಉಲ್ಟಾ. ಚಿಕ್ಕವನಿದ್ದಾಗ ಕೆಸರಲ್ಲೇ ಆಡುತ್ತಿದ್ದ ಅಂತ ಅಜ್ಜಿ ಕರೆದ ಹೆಸರು ಅದು.

ಮೂರನೆಯದು: ಒಂದೇ ಹಾಡು, ಐದು ಸಲ

ಅವಸರ ಮಾಡಬೇಡಿ. ಮಡಿ ವಾಟರ್ಸ್ ತಂಡ 1954ರಲ್ಲಿ ಚಿಕಾಗೋದ ಚೆಸ್ ಎಂಬ ಧ್ವನಿಮುದ್ರಣ ಕಂಪನಿಗೆ ಮುದ್ರಿಸಿದ "ಹೂಚಿ ಕೂಚಿ ಮ್ಯಾನ್" ಹಾಕಿ. ಮೂರು ನಿಮಿಷವೂ ಇಲ್ಲ. ಐದು ಸಲ ಕೇಳಿ, ಪ್ರತಿ ಸಲ ಬೇರೆ ಕಡೆ ಕಿವಿ ಕೊಡಿ.

ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ, ಏನೂ ನುಡಿಸದ ಜಾಗಗಳನ್ನು ಗಮನಿಸಿ. ಇಡೀ ತಂಡ ಒಟ್ಟಿಗೆ ಐದು ಸ್ವರ ನುಡಿಸಿ ಗಪ್ಪನೆ ನಿಂತುಬಿಡುತ್ತದೆ. ಆ ಖಾಲಿಯಲ್ಲಿ ಮಡಿ ಒಂದು ಸಾಲು ಹೇಳುತ್ತಾರೆ. ಮತ್ತೆ ಐದು ಸ್ವರ, ಮತ್ತೆ ನಿಲುಗಡೆ. ನಾನು ಹುಟ್ಟುವ ಮೊದಲೇ ಒಬ್ಬಳು ಅಮ್ಮನಿಗೆ ಭವಿಷ್ಯ ಹೇಳಿದ್ದಳು, ಏಳನೇ ತಿಂಗಳು, ಏಳನೇ ದಿನ, ಏಳು ಜನ ಡಾಕ್ಟರು ಅಂತ ಜಾತಕ ಓದಿದಂತೆ ಜಂಬ ಕೊಚ್ಚಿಕೊಳ್ಳುವ ಹಾಡು ಇದು. ಬ್ಲೂಸ್ ಅಂದರೆ ಬರೀ ಅಳು ಅಂತ ನಂಬಿದ್ದವರಿಗೆ ಇಲ್ಲೇ ಉತ್ತರ ಸಿಗುತ್ತದೆ. ಈ ಮನುಷ್ಯ ಅಳುತ್ತಿಲ್ಲ, ಎದೆ ಉಬ್ಬಿಸಿಕೊಂಡು ನಿಂತಿದ್ದಾರೆ.

ಮೂರನೇ ಸಲ ಮೌತ್ ಆರ್ಗನ್. ಅದನ್ನು ಊದುತ್ತಿರುವವರು ಲಿಟಲ್ ವಾಲ್ಟರ್. ನಾಲ್ಕನೇ ಸಲ, ನಿಲುಗಡೆಗಳು ಮುಗಿದು ತಂಡ ಪೂರ್ತಿ ಬಿಚ್ಚಿಕೊಳ್ಳುವಾಗ ಒಳಗೊಳಗೇ ಜಿನುಗುವ ಪಿಯಾನೊ, ಅದು ಓಟಿಸ್ ಸ್ಪ್ಯಾನ್. ಐದನೇ ಸಲ ಬೇಸ್. ಅದನ್ನು ಹಿಡಿದಿರುವವರು ವಿಲ್ಲಿ ಡಿಕ್ಸನ್, ಈ ಹಾಡು ಬರೆದವರೂ ಅವರೇ. ಕ್ಲಬ್ಬೊಂದರಲ್ಲಿ ಬಿಡುವಿನ ಹೊತ್ತಿಗೆ ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಮಡಿಗೆ ಈ ಹಾಡು ಹೇಳಿಕೊಟ್ಟೆ, ಅಂದೇ ವೇದಿಕೆಯ ಮೇಲೆ ಹಾಡಿಬಿಟ್ಟರು ಅಂತ ಡಿಕ್ಸನ್ ಹೇಳಿಕೊಳ್ಳುತ್ತಿದ್ದರು.

ಈಗ ನಿಮ್ಮ ಹತ್ತಿರ ಮೂರು ಹೆಸರು ಇವೆ: ವಾಲ್ಟರ್, ಸ್ಪ್ಯಾನ್, ಡಿಕ್ಸನ್. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು: ಹನ್ನೆರಡರ ಲೆಕ್ಕ

ಸಂಗೀತದ ಲೆಕ್ಕ ಬೇಡ ಅನ್ನುವವರು ಇದನ್ನು ಹಾರಿಸಬಹುದು. ಆದರೆ ಅರ್ಧ ಗಂಟೆ ಕೊಟ್ಟರೆ ಆಮೇಲೆ ಕೇಳುವ ಖುಷಿ ಜಾಸ್ತಿ ಆಗುತ್ತದೆ.

ತುಂಬ ಬ್ಲೂಸ್ ಹಾಡುಗಳು ಹನ್ನೆರಡು ಬಾರ್‌ಗಳಲ್ಲಿ ಸುತ್ತುತ್ತವೆ. ಬಾರ್ ಅಂದರೆ ಇಲ್ಲಿ ಕುಡಿಯುವ ಜಾಗವಲ್ಲ, ನಾಲ್ಕು ಎಣಿಕೆ. ಅಂದರೆ ಒಟ್ಟು 48 ಎಣಿಕೆಯ ಒಂದು ದೊಡ್ಡ ಆವರ್ತ. ಎಲ್ಮೋರ್ ಜೇಮ್ಸ್ ಅವರ "ಡಸ್ಟ್ ಮೈ ಬ್ರೂಮ್" (1951) ಹಾಕಿಕೊಂಡು ಬೆರಳಲ್ಲಿ ಎಣಿಸಿ. ಮೊದಲ ನಾಲ್ಕು ಬಾರ್‌ನಲ್ಲಿ ಒಂದು ಸಾಲು. ಮುಂದಿನ ನಾಲ್ಕರಲ್ಲಿ ಅದೇ ಸಾಲು ಮತ್ತೆ. ಕೊನೆಯ ನಾಲ್ಕರಲ್ಲಿ ಆ ಸಾಲಿಗೆ ಉತ್ತರ. ಸಾಲು ಎರಡು ಬಾರ್‌ನಲ್ಲೇ ಮುಗಿಯುತ್ತದೆ, ಉಳಿದ ಎರಡರಲ್ಲಿ ಗಿಟಾರ್ ಮಾತಾಡುತ್ತದೆ. ಲಾವಣಿಯ ಸವಾಲು ಜವಾಬು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಕೆಳಗಿನ ಸ್ವರವೂ ಹಾಗೇ ಲೆಕ್ಕದಲ್ಲಿ ಬದಲಾಗುತ್ತದೆ. ಶುರುವಿನಲ್ಲಿ ಷಡ್ಜದ ಮೇಲೆ ನಿಂತಿರುತ್ತದೆ, ಎರಡನೇ ಸಾಲಿಗೆ ಮಧ್ಯಮಕ್ಕೆ ಹೋಗಿ ಬರುತ್ತದೆ, ಮೂರನೇ ಸಾಲಿಗೆ ಪಂಚಮ ಮುಟ್ಟಿ ಮನೆಗೆ ಮರಳುತ್ತದೆ. ಹಾಡಿನಿಂದ ಹಾಡಿಗೆ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ನಡೆ ಹೆಚ್ಚಾಗಿ ತಿಶ್ರ. ತಕಿಟ ತಕಿಟ ಅಂತ ಹೇಳುತ್ತಾ ನಡುವಿನ "ಕಿ" ನುಂಗಿಬಿಡಿ, ಅದೇ ಅವರು ಷಫಲ್ ಅನ್ನುವುದು.

ಇನ್ನೊಂದು ಗುಟ್ಟು. ಬ್ಲೂಸ್ ಗಿಟಾರ್ ಕಲಿಯುವವರಿಗೆ ಮೊದಲು ಹೇಳಿಕೊಡುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಪುರಂದರದಾಸರ "ನಾರಾಯಣ ನಿನ್ನ ನಾಮದ" ಕೇಳಿದ್ದೀರಲ್ವಾ, ಅದೇ ಮೆಟ್ಟಿಲುಗಳು. ಹಾಗಂತ ಬ್ಲೂಸ್ ಕೂಡ ಒಂದು ರಾಗ ಅಂತ ಯಾರ ಹತ್ತಿರವೂ ವಾದ ಮಾಡಲು ಹೋಗಬೇಡಿ. ಇಲ್ಲಿ ಮಜಾ ಬೇರೆ ಕಡೆ ಇದೆ. ಕೆಳಗೆ ಪಿಯಾನೊ ಅಂತರ ಗಾಂಧಾರ ಹಿಡಿದಿರುತ್ತದೆ, ಮೇಲೆ ಹಾಡುವವರು ಸಾಧಾರಣ ಗಾಂಧಾರದಿಂದ ಅದರ ಕಡೆಗೆ ತಂತಿ ಎಳೆದ ಹಾಗೆ ಜಾರುತ್ತಾರೆ, ಪೂರ್ತಿ ಮುಟ್ಟುವುದಿಲ್ಲ. ಎರಡು ಗಾಂಧಾರಗಳ ನಡುವಿನ ಆ ತಿಕ್ಕಾಟವೇ ಬ್ಲೂಸ್‌ನ ಹುಳಿ. ಗಮಕಕ್ಕೆ ಒಗ್ಗಿದ ಕಿವಿ ಇದನ್ನು ಬೇಗ ಹಿಡಿಯುತ್ತದೆ.

ಐದನೆಯದು: ಚೀಟಿಯಲ್ಲಿನ ಹೆಸರುಗಳ ಬೆನ್ನು ಹತ್ತಿ

ಮೊದಲು ಲಿಟಲ್ ವಾಲ್ಟರ್. ಮೌತ್ ಆರ್ಗನ್ನನ್ನೂ ಅಗ್ಗದ ಮೈಕನ್ನೂ ಎರಡು ಬೊಗಸೆಯಲ್ಲಿ ಒಟ್ಟಿಗೆ ಹಿಡಿದು, ಗಿಟಾರಿನ ಆಂಪ್ಲಿಫಯರಿಗೆ ಜೋಡಿಸಿ ಊದಿದವರು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ವಾದ್ಯ ಅವರ ಕೈಯಲ್ಲಿ ಸ್ಯಾಕ್ಸೊಫೋನಿನಷ್ಟು ದಪ್ಪಗೆ ಗುಡುಗುತ್ತದೆ. 1952ರ "ಜೂಕ್" ಕೇಳಿ. ಮಾತಿಲ್ಲದ ಹಾಡು. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಅದು ಎಂಟು ವಾರ ಒಂದನೇ ಜಾಗದಲ್ಲಿ ಕೂತಿತ್ತು. ಅದು ಗೆದ್ದಿದ್ದೇ ತಡ, ವಾಲ್ಟರ್ ಮಡಿಯ ತಂಡ ಬಿಟ್ಟು ಸ್ವಂತ ತಂಡ ಕಟ್ಟಿದರು. ಮುದ್ರಣಕ್ಕೆ ಮಾತ್ರ ಆಗಾಗ ಬರುತ್ತಿದ್ದರು, 1954ರ ನಮ್ಮ ಹಾಡಿನಲ್ಲಿ ಅವರು ಸಿಕ್ಕಿದ್ದು ಹಾಗೆ. 1958ರಲ್ಲಿ ಬಂದ "ದ ಬೆಸ್ಟ್ ಆಫ್ ಲಿಟಲ್ ವಾಲ್ಟರ್" ತಟ್ಟೆಯಲ್ಲಿ, ಅಂದರೆ ಆಲ್ಬಮ್ಮಿನಲ್ಲಿ, ಬೇಕಾದ್ದೆಲ್ಲ ಇದೆ.

ವಾಲ್ಟರ್ ಹೋದ ಜಾಗಕ್ಕೆ ಬಂದವರು ಜೂನಿಯರ್ ವೆಲ್ಸ್. ಇನ್ನೊಂದು ಬಾಗಿಲು ತೆರೆಯುವುದು ಇಲ್ಲಿ. ವೆಲ್ಸ್ ಅವರ "ಹೂಡೂ ಮ್ಯಾನ್ ಬ್ಲೂಸ್" (1965) ನನಗೆ ತೀರಾ ಇಷ್ಟದ ತಟ್ಟೆ. ರಾತ್ರಿ ಹನ್ನೊಂದಕ್ಕೆ ಸಣ್ಣ ಕ್ಲಬ್ಬಿನಲ್ಲಿ ಕೂತಂತೆ ಇರುತ್ತದೆ. ಯಾರೂ ಕಿರುಚುವುದಿಲ್ಲ. ಗಿಟಾರ್ ನುಡಿಸಿದವರು ಬಡ್ಡಿ ಗೈ. ಬೇರೆ ಕಂಪನಿಯ ಒಪ್ಪಂದದ ತೊಡಕು ಬಂದೀತು ಅಂತ ಮೊದಲ ಪ್ರತಿಗಳಲ್ಲಿ ಅವರ ಹೆಸರನ್ನು "ಫ್ರೆಂಡ್ಲಿ ಚಾಪ್" ಅಂತ ಹಾಕಿದ್ದರು! ಮುದ್ರಣದ ನಡುವೆ ಅವರ ಆಂಪ್ಲಿಫಯರ್ ಕೈಕೊಟ್ಟಿತು. ರಿಪೇರಿ ಆಗುವವರೆಗೆ ಗಿಟಾರನ್ನು ಆರ್ಗನ್ ವಾದ್ಯದ ತಿರುಗುವ ಸ್ಪೀಕರಿಗೆ ಜೋಡಿಸಿದರು. ಒಂದೆರಡು ಹಾಡುಗಳಲ್ಲಿ ಗಿಟಾರ್ ನೀರೊಳಗಿಂದ ಬಂದಂತೆ ಅಲುಗುವುದು ಅದಕ್ಕೇ.

ಬಡ್ಡಿ ಗೈ 1957ರಲ್ಲಿ ಲೂಸಿಯಾನಾದಿಂದ ಚಿಕಾಗೋಕ್ಕೆ ಬಂದವರು. ಅವರ ದೊಡ್ಡ ಗದ್ದಲದ ಮುಖ ನೋಡಬೇಕಿದ್ದರೆ 1991ರ "ಡ್ಯಾಮ್ ರೈಟ್, ಐವ್ ಗಾಟ್ ದ ಬ್ಲೂಸ್" ಇದೆ. ಆದರೆ ಮೊದಲು ವೆಲ್ಸ್ ಜೊತೆಗಿನದ್ದನ್ನೇ ಕೇಳಿ. ಎಷ್ಟು ಕಡಿಮೆ ನುಡಿಸಬಹುದು ಅಂತ ಗೊತ್ತಿದ್ದವರು ಜಾಸ್ತಿ ನುಡಿಸಿದಾಗ ಅದರ ರುಚಿಯೇ ಬೇರೆ.

ಇನ್ನು ಡಿಕ್ಸನ್. ಇವರ ಹೆಸರು ಹಿಡಿದರೆ ಚಿಕಾಗೋ ಪೂರ್ತಿ ಸಿಗುತ್ತದೆ, ಯಾಕೆಂದರೆ ಇವರು ಎಲ್ಲರಿಗೂ ಹಾಡು ಬರೆದುಕೊಟ್ಟರು. ಓಟಿಸ್ ರಷ್ 1956ರಲ್ಲಿ ಹಾಡಿದ "ಐ ಕಾಂಟ್ ಕ್ವಿಟ್ ಯು ಬೇಬಿ" ಇವರದ್ದು. ಕೊಕೊ ಟೇಲರ್ 1960ರ ದಶಕದಲ್ಲಿ ಮನೆಮಾತು ಮಾಡಿದ "ವ್ಯಾಂಗ್ ಡ್ಯಾಂಗ್ ಡೂಡಲ್" ಇವರದ್ದು. ಕೊಕೊ ಅವರ ಕಂಠ ಜಲ್ಲಿ ತುಂಬಿದ ಲಾರಿ ಏರು ಹತ್ತಿದಂತೆ. ಈ ಸಂಗೀತ ಗಂಡಸರದ್ದೇ ಅಂದುಕೊಂಡವರು ಅವರನ್ನೂ, 1953ರಲ್ಲಿ "ಹೌಂಡ್ ಡಾಗ್" ಹಾಡಿ ಗೆದ್ದ ಬಿಗ್ ಮಾಮಾ ಥಾರ್ನ್‌ಟನ್ ಅವರನ್ನೂ ತಪ್ಪದೆ ಕೇಳಿ. ಎಲ್ವಿಸ್ ಪ್ರೆಸ್ಲಿ ಅದೇ ಹಾಡು ಹಾಡಿದ್ದು ಮೂರು ವರ್ಷ ಆದ ಮೇಲೆ.

ಡಿಕ್ಸನ್ ಹಾಡುಗಳನ್ನು ಹಾಡಿಯೂ, ಇವೆಲ್ಲ ನನಗೆ ಒಪ್ಪುವುದಿಲ್ಲ ಅಂತ ಗೊಣಗುತ್ತಿದ್ದವರು ಹೌಲಿನ್ ವುಲ್ಫ್. ಇವರಿಗೆ ಬೇರೆ ಹೆಜ್ಜೆಯೇ ಬೇಕು.

ಆರನೆಯದು: ವುಲ್ಫ್‌ಗೆ ಒಂದು ವಾರ ಮೀಸಲಿಡಿ

ನಿಜವಾದ ಹೆಸರು ಚೆಸ್ಟರ್ ಬರ್ನೆಟ್. ಆರಡಿ ದಾಟಿದ ಭಾರಿ ಆಳು. ಕಂಠ ಎಂಥದ್ದು ಅಂದರೆ ಮೊದಲ ಸಲ ಕೇಳಿದಾಗ ಮೈಕ್ ಒಡೆದಿರಬೇಕು ಅನ್ನಿಸುತ್ತದೆ. "ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್" (1956) ಹಾಕಿ. ಇಲ್ಲಿ ಹನ್ನೆರಡರ ಲೆಕ್ಕ ಇಲ್ಲ. ಇಡೀ ಹಾಡು ಒಂದೇ ಸ್ವರಮೇಳದ ಮೇಲೆ ನಿಂತಿದೆ, ಗಿಟಾರ್ ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳುತ್ತದೆ. ತಂಬೂರಿ ಕೇಳಿ ಬೆಳೆದ ನಮಗೆ ಇದು ಬೇಸರ ಬರಿಸುವುದಿಲ್ಲ. ಆಧಾರ ಅಲುಗದಿದ್ದಾಗ ಮೇಲಿನ ದನಿ ಎಷ್ಟು ಅಲೆಯಬಹುದು ಅಂತ ನಮಗೆ ಗೊತ್ತು. ರಾತ್ರಿ ಹೊತ್ತು ಉಗಿಬಂಡಿಯ ಹೊಗೆ ಕೊಳವೆಯಿಂದ ಹಾರುವ ಕಿಡಿಗಳನ್ನು ನೋಡುತ್ತಾ ಕೂರುತ್ತಿದ್ದೆವು, ಹಾಡಿನ ಹೆಸರು ಅದೇ ಅಂತ ವುಲ್ಫ್ ಹೇಳಿದ್ದರು. ಸಾಲಿನ ಕೊನೆಗೆ ಅವರು ತೋಳದ ಹಾಗೆ ಊಳಿಡುತ್ತಾರಲ್ಲ, ಅಲ್ಲಿ ಹೆಡ್‌ಫೋನ್ ತೆಗೆಯಬೇಡಿ.

ಅವರ ಗಿಟಾರ್‌ವಾದಕ ಹ್ಯೂಬರ್ಟ್ ಸಮ್ಲಿನ್ ಹೆಸರು ಚೀಟಿಗೆ ಸೇರಿಸಿ. ಶುರುವಿನಲ್ಲಿ ಸಮ್ಲಿನ್ ಜೋರಾಗಿ ನುಡಿಸಿ ವುಲ್ಫ್ ಹಾಡನ್ನೇ ಮುಚ್ಚಿಹಾಕುತ್ತಿದ್ದರಂತೆ. ವುಲ್ಫ್ ಬೈದು ಮನೆಗೆ ಕಳಿಸಿದರು, ತಂತಿ ಮೀಟುವ ಪಿಕ್ ಬಿಟ್ಟು ಬರೀ ಬೆರಳಲ್ಲಿ ನುಡಿಸಲು ಕಲಿತು ಬಾ ಅಂದರು. ಕಲಿತು ಬಂದರು. 1964ರ "ಕಿಲ್ಲಿಂಗ್ ಫ್ಲೋರ್"ನಲ್ಲಿ ಆ ಬೆರಳುಗಳು ಕೇಳಿಸುತ್ತವೆ, ಚರ್ಮ ತಂತಿಗೆ ತಾಗುವ ಸದ್ದು. 1962ರಲ್ಲಿ ಬಂದ, ಹೊದಿಕೆಯ ಮೇಲೆ ತೂಗುಕುರ್ಚಿ ಇರುವ ವುಲ್ಫ್ ತಟ್ಟೆ ಒಂದಿದ್ದರೆ ವಾರಕ್ಕೆ ಸಾಕು.

ಏಳನೆಯದು: ಚಿಕಾಗೋ ಬಿಟ್ಟು ಹೊರಗೆ

ಇಲ್ಲಿಯವರೆಗೆ ಕೇಳಿದ್ದೆಲ್ಲ ತಂಡದ ಆಟ. ಗಿಟಾರ್ ಒಂದೇ ಮುಂದೆ ಬಂದು ಹಾಡುವ ಬ್ಲೂಸ್ ಬೇರೆ ಕಡೆಯಿಂದ ಬಂತು. ಟೆಕ್ಸಸ್‌ನ ಟಿ-ಬೋನ್ ವಾಕರ್ 1947ರಲ್ಲಿ "ಕಾಲ್ ಇಟ್ ಸ್ಟಾರ್ಮಿ ಮಂಡೇ" ಮುದ್ರಿಸಿದರು. ಅದನ್ನು ಕೇಳಿ ಎಲೆಕ್ಟ್ರಿಕ್ ಗಿಟಾರ್ ಬೇಕೇ ಬೇಕು ಅಂತ ಹಟ ಹಿಡಿದವರು ಬಿ.ಬಿ. ಕಿಂಗ್. ಕಿಂಗ್‌ಗೆ ಅಣ್ಣನ ವರಸೆಯ ಬುಕಾ ವೈಟ್ ಹಾಗೆ ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ನುಡಿಸಲು ಬರಲಿಲ್ಲ. ಅದರ ಬದಲು ಎಡಗೈ ಬೆರಳನ್ನು ತಂತಿಯ ಮೇಲೆ ಇಟ್ಟು ಚಿಟ್ಟೆಯ ರೆಕ್ಕೆಯಂತೆ ನಡುಗಿಸಿದರು. ಬರದೇ ಇದ್ದದ್ದೇ ಅವರ ಗುರುತಾಯಿತು.

"ಲೈವ್ ಅಟ್ ದ ರೀಗಲ್" ಕೇಳಿ. 1964ರ ನವೆಂಬರ್ 21ರಂದು ಚಿಕಾಗೋದ ರೀಗಲ್ ಥಿಯೇಟರಿನಲ್ಲಿ ಮುದ್ರಿಸಿದ್ದು. ಕಿಂಗ್ ಹಾಡುವಾಗ ಗಿಟಾರ್ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಎರಡು ಕಂಠ ಸರದಿಯಲ್ಲಿ ಮಾತಾಡಿದಂತೆ. ಮೂರು ನಿಧಾನದ ಹಾಡುಗಳು ಒಂದರೊಳಗೆ ಒಂದು ಸೇರಿಕೊಂಡು ಬರುತ್ತವೆ. ಮೂರನೆಯದರಲ್ಲಿ ಕಿಂಗ್ ಪ್ರೇಯಸಿಗೆ ಕೊಟ್ಟ ಸಾಮಾನುಗಳ ಲೆಕ್ಕ ಒಪ್ಪಿಸುತ್ತಾರೆ. ಕಾರು ಕೊಟ್ಟೆ, ಊಟ ಕೊಡಿಸಿದೆ, ಮನೆ ಕೊಟ್ಟೆ, ಅವಳು ಪ್ರತಿಯೊಂದಕ್ಕೂ ಮೂಗು ಮುರಿದಳು. ಕೊನೆಗೆ ಏಳು ಮಕ್ಕಳ ಮಾತು ಬರುತ್ತದೆ. ಆಗ ಆ ಸಭೆಯ ಹೆಂಗಸರು ಹಾಕುವ ಕೂಗಿಗಾಗಿಯೇ ನಾನು ಈ ತಟ್ಟೆಯನ್ನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ.

ಡೆಟ್ರಾಯಿಟ್‌ನ ಜಾನ್ ಲೀ ಹೂಕರ್ ಇವರೆಲ್ಲರಿಗಿಂತ ಬೇರೆ. 1948ರ "ಬೂಗಿ ಚಿಲ್ಲೆನ್"ನಲ್ಲಿ ಒಂದು ಗಿಟಾರ್, ಒಂದು ಕಂಠ, ನೆಲ ತುಳಿಯುವ ಕಾಲು, ಅಷ್ಟೇ. ಬಾರ್ ಎಣಿಸಲು ಹೋಗಬೇಡಿ, ಮನಸ್ಸು ಬಂದಲ್ಲಿ ತಿರುಗುತ್ತಾರೆ.

ಎಂಟನೆಯದು: ಎಡವುವ ಜಾಗಗಳು

ಸನ್ನಿ ಬಾಯ್ ವಿಲಿಯಮ್ಸನ್ ಅಂತ ಇಬ್ಬರಿದ್ದರು, ಇಬ್ಬರೂ ಮೌತ್ ಆರ್ಗನ್ ಊದುವವರೇ. ಮೊದಲನೆಯವರು 1948ರಲ್ಲಿ ಕೊಲೆಯಾದರು. 1950ರ ದಶಕದ ಚೆಸ್ ಮುದ್ರಣಗಳು ಎರಡನೆಯವರದ್ದು.

ಬಿ.ಬಿ., ಆಲ್ಬರ್ಟ್, ಫ್ರೆಡಿ, ಈ ಮೂವರು ಕಿಂಗ್‌ಗಳು ಅಣ್ಣತಮ್ಮಂದಿರಲ್ಲ. ಆಲ್ಬರ್ಟ್ ಎಡಗೈಯವರು, ಬಲಗೈ ಗಿಟಾರನ್ನೇ ತಲೆಕೆಳಗು ಹಿಡಿದು ತಂತಿಯನ್ನು ಕೆಳಕ್ಕೆ ಎಳೆಯುತ್ತಿದ್ದರು. 1967ರ "ಬಾರ್ನ್ ಅಂಡರ್ ಎ ಬ್ಯಾಡ್ ಸೈನ್" ಅವರದ್ದು. ಫ್ರೆಡಿಯ "ಹೈಡ್ ಅವೇ" (1961) ಚಿಕಾಗೋದ ಬಾರ್ ಒಂದರ ಹೆಸರು ಹೊತ್ತದ್ದು.

ಎಲ್ಲಕ್ಕಿಂತ ಮುಖ್ಯ, ವರ್ಷ ನೋಡಿ. ಹಳೆಯ ಹಾಡನ್ನೇ ಇವರು ಹಲವು ಸಲ ಮರುಮುದ್ರಿಸಿದ್ದಾರೆ. ಆ್ಯಪ್‌ನಲ್ಲಿ ಮೊದಲು ಸಿಕ್ಕಿದ್ದು ಮೂಲವೇ ಆಗಿರಬೇಕಿಲ್ಲ. ಕೆಲವು ಸಲ ಮರುಮುದ್ರಣವೂ ಚೆನ್ನಾಗಿರುತ್ತದೆ. ಮಡಿಯ "ಮ್ಯಾನಿಶ್ ಬಾಯ್" 1955ರದ್ದನ್ನೂ, ಗಿಟಾರ್‌ವಾದಕ ಜಾನಿ ವಿಂಟರ್ ನಿರ್ಮಿಸಿದ 1977ರ "ಹಾರ್ಡ್ ಅಗೇನ್" ತಟ್ಟೆಯದ್ದನ್ನೂ ಪಕ್ಕ ಪಕ್ಕ ಕೇಳಿ. ಎರಡನೆಯದರಲ್ಲಿ ಹಿಂದಿನಿಂದ ಕೇಕೆ ಹಾಕುವವರು ವಿಂಟರ್.

ಒಂಬತ್ತನೆಯದು: ಈಗಿನವರು

ಹೊಸಬರನ್ನು ಕೇಳುವಾಗಲೂ ಅದೇ ವಿಧಾನ, ಹಿಂದಕ್ಕೆ ಹೋಗಿ. ಸ್ಟೀವಿ ರೇ ವಾನ್ ಅವರ "ಟೆಕ್ಸಸ್ ಫ್ಲಡ್" (1983) ಇಷ್ಟವಾದರೆ ಆ ಹಾಡನ್ನು 1958ರಲ್ಲಿ ಮೊದಲು ಹಾಡಿದ ಲ್ಯಾರಿ ಡೇವಿಸ್ ಅವರನ್ನು ಹುಡುಕಿ. ಕಿಂಗ್‌ಫಿಶ್ ಅಂತ ಹೆಸರಾದ ಕ್ರಿಸ್ಟೋನ್ ಇಂಗ್ರಮ್ ಹುಟ್ಟಿದ್ದು 1999ರಲ್ಲಿ, ಮಡಿ ರೈಲು ಹತ್ತಿದ ಅದೇ ಕ್ಲಾರ್ಕ್ಸ್‌ಡೇಲ್‌ನಲ್ಲಿ. 2019ರ ಅವರ ಮೊದಲ ಆಲ್ಬಮ್ಮಿನಲ್ಲಿ ಬಡ್ಡಿ ಗೈ ಕೂಡ ಹಾಡಿದ್ದಾರೆ.

ನಮ್ಮ ದೇಶದಲ್ಲಿ ಶಿಲ್ಲಾಂಗ್‌ನ ಸೋಲ್‌ಮೇಟ್ ತಂಡ 2003ರಿಂದ ಬ್ಲೂಸ್ ನುಡಿಸುತ್ತಿದೆ. ರೂಡಿ ವಾಲಾಂಗ್ ಗಿಟಾರ್, ತಿಪ್ರಿತಿ ಖರ್ಬಂಗಾರ್ ಕಂಠ. ಮುಂಬೈನ ಮೆಹಬೂಬ್ ಸ್ಟುಡಿಯೊದಲ್ಲಿ 2011ರಲ್ಲಿ ಶುರುವಾದ ಮಹೀಂದ್ರಾ ಬ್ಲೂಸ್ ಉತ್ಸವದ ಮೊದಲ ವರ್ಷವೇ ಬಡ್ಡಿ ಗೈ ಬಂದು ನುಡಿಸಿದ್ದರು.

ಕೊನೆಗೆ, ಚೀಟಿಯಲ್ಲಿ ಉಳಿದ ಒಂದು ಹೆಸರು

ಪಿಯಾನೊದ ಓಟಿಸ್ ಸ್ಪ್ಯಾನ್ ಇನ್ನೂ ಬಾಕಿ ಇದ್ದಾರೆ. ಅವರಿಗಾಗಿ "ಮಡಿ ವಾಟರ್ಸ್ ಅಟ್ ನ್ಯೂಪೋರ್ಟ್ 1960" ಪೂರ್ತಿ ಕೇಳಿ. ಹೊದಿಕೆಯ ಚಿತ್ರದಲ್ಲಿ ಮಡಿ ಹಿಡಿದಿರುವ ಗಿಟಾರ್ ಹೂಕರ್ ಅವರದ್ದು. ಅದು ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಮುದ್ರಿಸಿದ್ದು. ಆ ವರ್ಷ ಉತ್ಸವದ ಹೊರಗೆ ಗಲಭೆಯಾಗಿ, ನಡುವಿನಲ್ಲೇ ನಿಲ್ಲಿಸಬೇಕಾಯಿತು. ಇನ್ನು ನ್ಯೂಪೋರ್ಟ್ ಉತ್ಸವವೇ ಇರುವುದಿಲ್ಲವೇನೋ ಅಂತ ಎಲ್ಲರಿಗೂ ಅನ್ನಿಸಿದ ಹೊತ್ತಿನಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅಲ್ಲೇ ಕೂತು ಒಂದು ಬೀಳ್ಕೊಡುಗೆ ಹಾಡು ಬರೆದುಕೊಟ್ಟರು. ತಟ್ಟೆಯ ಕೊನೆಗೆ ಅದನ್ನು ಹಾಡುವವರು ಮಡಿ ಅಲ್ಲ, ಸ್ಪ್ಯಾನ್. ಅಷ್ಟು ಹೊತ್ತೂ ಹಿಂದೆ ಕೂತಿದ್ದ ಪಿಯಾನೊ ಮುಂದೆ ಬರುತ್ತದೆ, ನಿಧಾನಕ್ಕೆ.

ಅದು ಮುಗಿದ ಮೇಲೆ "ಓಟಿಸ್ ಸ್ಪ್ಯಾನ್ ಈಸ್ ದ ಬ್ಲೂಸ್" ಹುಡುಕಿ. ಅದೇ 1960ರಲ್ಲಿ ಮುದ್ರಿಸಿದ್ದು. ಜೊತೆಗೆ ಒಂದು ಗಿಟಾರ್ ಮಾತ್ರ, ರಾಬರ್ಟ್ ಲಾಕ್‌ವುಡ್ ಅಂತ. ಅವರ ಹೆಸರನ್ನೂ ಚೀಟಿಗೆ ಬರೆದುಕೊಳ್ಳಿ.